ಬಾಳನ್ನು ಪ್ರಶ್ನಿಸಿದ ಕತೆಗಾರ: ಕೋಟ ಶಿವರಾಮ ಕಾರಂತರು

ಮೈಲಾಪುರದ ಹೋಟೆಲುಗಳಲ್ಲಿ ರಾತ್ರಿ ಕೊನೆಯ ಎಲೆ ತೆಗೆದು, ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸಿ ಚಾಪೆ ಹಾಸಿಕೊಂಡಾಗ, ನಮ್ಮವರ ಮನಸ್ಸು ಊರಿನತ್ತ ಓಡುತ್ತದೆ. ತಿಂಗಳಿಗೊಮ್ಮೆ ಮನೆಗೆ ಹಣ ಕಳುಹಿಸಿದೆವು, ಋಣ ತೀರಿತು ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಅಷ್ಟಕ್ಕೇ ತೀರುವುದೇ ಎಂಬ ಪ್ರಶ್ನೆಯನ್ನು ಕತೆಯಾಗಿ ನಮ್ಮ ಮುಂದಿಟ್ಟವರು ದಿವಂಗತ ಶಿವರಾಮ ಕಾರಂತರು.

ಕಾರಂತರು 1902ರ ಅಕ್ಟೋಬರ್ 10ರಂದು ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ವ್ಯಾಸಂಗವನ್ನು ತ್ಯಜಿಸಿದರು. ಪದವಿ ಕೈಗೆ ಬರಲಿಲ್ಲ. ಓದು ಅರ್ಧಕ್ಕೇ ನಿಂತಿತೆಂದು ಕೊರಗುವ ನಮ್ಮ ಗುಮಾಸ್ತ ಮಿತ್ರರು ಇದನ್ನು ಗಮನಿಸಬೇಕು. ಮಕ್ಕಳಿಗಾಗಿ ‘ಬಾಲಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದವರು ಇವರೇ. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಇವರಿಗೆ ಗೌರವ ಡಾಕ್ಟರೇಟ್ ನೀಡಿದುವು.

1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯಲ್ಲಿ, ತುಂಡು ಭೂಮಿಯನ್ನು ಉಳಬೇಕೆಂಬ ಚೋಮನ ಆಸೆಗೆ ಜಾತಿಯೇ ಅಡ್ಡಬರುತ್ತದೆ. ನಿತ್ಯವೂ ಕಣ್ಣೆದುರಿಗಿದ್ದ ಅನ್ಯಾಯವನ್ನು ಓದುಗರು ಆಗ ಹೊಸದಾಗಿ ಕಂಡರು. ‘ಮರಳಿ ಮಣ್ಣಿಗೆ’ಯ ರಾಮನಂತೂ ನಮ್ಮ ಈ ಮದರಾಸಿಗೇ ಓದಲು ಬಂದವನು, ಪಟ್ಟಣಗಳನ್ನು ಸುತ್ತಿ ಕೊನೆಗೆ ಊರಿನ ಮಣ್ಣಿಗೆ ಹಿಂದಿರುಗುತ್ತಾನೆ.

ಆದರೆ ನಮ್ಮಂಥ ವಲಸೆಗಾರರಿಗೆ ಅತ್ಯಂತ ಹತ್ತಿರದ ಕೃತಿ 1960ರ ‘ಅಳಿದ ಮೇಲೆ’. ಹುಟ್ಟೂರಿನಿಂದ ದೂರವಾದ ಯಶವಂತರಾಯರೆಂಬ ವೃದ್ಧರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಹಣವನ್ನೂ ಬರಹಗಳನ್ನೂ ಹಿಡಿದುಕೊಂಡು, ಅವರು ತಿಂಗಳು ತಿಂಗಳೂ ಹಣ ಕಳುಹಿಸುತ್ತಿದ್ದ ಜನರನ್ನು ಹುಡುಕುತ್ತ ಕತೆ ಹೇಳುವವರು ಕರಾವಳಿಗೆ ಬರುತ್ತಾರೆ. ಒಬ್ಬೊಬ್ಬರನ್ನು ಕಂಡಾಗಲೂ ಸತ್ತವರ ಒಂದೊಂದು ಮುಖ ತೆರೆದುಕೊಳ್ಳುತ್ತದೆ. ಕೆಲವರಿಗೆ ಬೇಕಾದದ್ದು ಅವರ ಹಣ ಮಾತ್ರ. ಹಣದ ಹಂಗಿಲ್ಲದೆ ಪ್ರೀತಿಸಿದ ಮುದುಕಿ ಪಾರ್ವತಮ್ಮನೂ ಉಂಟು. ಲೋಕದಿಂದ ಪಡೆದುದಕ್ಕಿಂತ ಹೆಚ್ಚಿನದನ್ನು ಹಿಂದಿರುಗಿಸಿದೆನೇ ಎಂಬುದು ಯಶವಂತರಾಯರನ್ನು ಕಾಡಿದ ಚಿಂತೆ. ದಿನವೂ ಜಮಾಖರ್ಚು ಬರೆಯುವ ನಮಗೆ ಈ ಲೆಕ್ಕದ ರೀತಿ ಸುಲಭವಾಗಿ ತಿಳಿಯುತ್ತದೆ. ನಮ್ಮ ಹೆಸರಿನಲ್ಲೇ ಅಂಥದೊಂದು ಪುಟ ತೆರೆದು ನೋಡುವ ಧೈರ್ಯ ಎಷ್ಟು ಮಂದಿಗಿದೆ?

ದಿನವಿಡೀ ಒಲೆಯ ಮುಂದೆ ಬೆಂದವನಿಗೆ ಪತ್ತೇದಾರಿ ಕತೆ ಸಾಲದೇ, ಈ ತಲೆನೋವೇಕೆ ಎನ್ನುವವರುಂಟು. ಪತ್ತೇದಾರಿ ಕತೆಗಳನ್ನು ನಾನೂ ಬಹಳ ಓದಿದ್ದೇನೆ. ಮರುದಿನ ಒಂದೂ ನೆನಪಿನಲ್ಲಿ ನಿಂತಿಲ್ಲ. ಯಶವಂತರಾಯರು ಮಾತ್ರ ಬಿಟ್ಟುಹೋಗಲಿಲ್ಲ.

1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಪ್ರಶ್ನೆ ಕೇಳುವವಳು ಪಂಡಿತೆಯಲ್ಲ, ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿ. ಮೊಮ್ಮಗ ಸುಬ್ಬರಾಯನೊಡನೆ ದೇವರು, ದಾಂಪತ್ಯ, ಸಂಪ್ರದಾಯ ಎಲ್ಲವನ್ನೂ ಮಾತಿಗೆಳೆಯುತ್ತಾಳೆ. ವಿದ್ವಾಂಸರ ತರ್ಕವಾಗಿದ್ದರೆ ನಮಗಲ್ಲವೆಂದು ತಪ್ಪಿಸಿಕೊಳ್ಳಬಹುದಿತ್ತು. ಮನೆಯ ಅಜ್ಜಿಯೇ ಕೇಳಿದರೆ ಎಲ್ಲಿಗೆ ಹೋಗುವುದು? 1977ರ ಜ್ಞಾನಪೀಠ ಪ್ರಶಸ್ತಿ ಈ ಕೃತಿಗೆ ಸಂದಿತು.

ಕಾರಂತರು ತಮ್ಮ ಬಾಳಿನಲ್ಲೂ ರೂಢಿಗೆ ತಲೆಬಾಗಿದವರಲ್ಲ. 1936ರಲ್ಲಿ ಜಾತಿಯ ಕಟ್ಟನ್ನು ಮೀರಿ ಬಂಟ ಸಮಾಜದ ಲೀಲಾ ಅವರನ್ನು ವರಿಸಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ, 87ರ ಇಳಿವಯಸ್ಸಿನಲ್ಲಿ, ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋತ ಮೇಲೂ ಬರೆಯುತ್ತಲೇ ಇದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನರಾದಾಗ ಅವರಿಗೆ 95 ವರ್ಷ.