ಬರ್ಲಿನ್‌ಗೆ ಹೋಗಿಬಂದ ವಿದ್ಯಾರ್ಥಿ: ಡಬ್ಲ್ಯು. ಇ. ಬಿ. ಡು ಬಾಯ್ಸ್



ಸಮಾಜಶಾಸ್ತ್ರ ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಒಂದೆರಡು ಸೆಮಿಸ್ಟರ್ ವಿದೇಶದಲ್ಲಿ ಓದಿಬರಬೇಕೆಂಬ ಆಸೆ ಇರಬಹುದು. ಹಣ ಎಲ್ಲಿಂದ ತರುವುದು, ಭಾಷೆ ಕಲಿಯುವುದು ಹೇಗೆ, ಅಲ್ಲಿ ಓದಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂಬ ಚಿಂತೆಗಳೂ ಜೊತೆಗಿರುತ್ತವೆ. 1890ರ ದಶಕದಲ್ಲಿ ಇವೇ ಚಿಂತೆಗಳನ್ನು ಹೊತ್ತು ಅಮೆರಿಕದಿಂದ ಜರ್ಮನಿಗೆ ಹೋದ ಒಬ್ಬ ಕರಿಯ ತರುಣನ ಬದುಕು ನಿಮಗೆ ತಿಳಿದಿರಬೇಕು. ಅವರೇ ಮುಂದೆ ಸಮಾಜಶಾಸ್ತ್ರದ ದೊಡ್ಡ ಹೆಸರಾದ ಡು ಬಾಯ್ಸ್.

ಅವರು ಹುಟ್ಟಿದ್ದು 1868ರ ಫೆಬ್ರವರಿ 23ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡು ಆಗ ಎರಡು ವರ್ಷಗಳಷ್ಟೇ ಕಳೆದಿದ್ದವು. ಎಳವೆಯಲ್ಲೇ ತಂದೆ ಮನೆ ಬಿಟ್ಟುಹೋದರು. ಮನೆಗೆಲಸ ಮಾಡಿ ಸಾಕಿದ ತಾಯಿ 1885ರಲ್ಲಿ ತೀರಿಕೊಂಡರು. ಹುಡುಗನ ಬುದ್ಧಿಯನ್ನು ಗುರುತಿಸಿದ ಊರಿನ ಚರ್ಚುಗಳು ಹಣ ಕೂಡಿಸಿ ಅವರನ್ನು ಟೆನೆಸ್ಸೀ ರಾಜ್ಯದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದವು. ಅಲ್ಲಿಂದ ಅವರು ಹಾರ್ವರ್ಡ್ ಸೇರಿ 1890ರಲ್ಲಿ ಮತ್ತೊಂದು ಪದವಿ, 1891ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಆ ಕಾಲದಲ್ಲಿ ಸಮಾಜ ವಿಜ್ಞಾನ ಕಲಿಯಬೇಕೆಂದರೆ ಎಲ್ಲರ ಕಣ್ಣು ಜರ್ಮನಿಯ ಮೇಲೆ. ಆದರೆ ಹಣವೆಲ್ಲಿ? 1890ರ ನವೆಂಬರ್‌ನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಕರಿಯರ ಶಿಕ್ಷಣಕ್ಕೆ ನೆರವಾಗುತ್ತಿದ್ದ ಸ್ಲೇಟರ್ ನಿಧಿಯ ಮುಖ್ಯಸ್ಥರೂ ಅಮೆರಿಕದ ಮಾಜಿ ಅಧ್ಯಕ್ಷರೂ ಆದ ರುದರ್‌ಫೋರ್ಡ್ ಹೇಯ್ಸ್ ಒಂದು ಭಾಷಣ ಮಾಡಿದ್ದರು. ಯೋಗ್ಯ ಕರಿಯ ತರುಣನೊಬ್ಬ ಸಿಕ್ಕರೆ ಯೂರೋಪಿಗೆ ಕಳುಹಿಸಲು ನಿಧಿ ಸಿದ್ಧವಿದೆ, ಆದರೆ ಅಂಥವರು ಕಾಣುತ್ತಿಲ್ಲ ಎಂಬುದು ಅದರ ಸಾರ. ಡು ಬಾಯ್ಸ್ ಕೂಡಲೇ ಅರ್ಜಿ ಬರೆದರು. ತಮ್ಮ ಪ್ರಾಧ್ಯಾಪಕರಿಂದ ಶಿಫಾರಸು ಪತ್ರಗಳನ್ನೂ ಕಳುಹಿಸಿದರು. ಅಂಥ ಯೋಜನೆಯೇ ಇಲ್ಲವೆಂಬ ಉತ್ತರ ಬಂತು. ಅವರು ಸುಮ್ಮನಾಗಲಿಲ್ಲ. ಸಹಾಯ ಸಿಗದಿದ್ದರೆ ಸಹಿಸಬಹುದು, ತನ್ನ ಜನರಲ್ಲಿ ಯೋಗ್ಯರೇ ಇಲ್ಲವೆಂದು ಸಭೆಯಲ್ಲಿ ಹೇಳಿ ಹೋಗುವುದು ಅನ್ಯಾಯ ಎಂದು ಮಾಜಿ ಅಧ್ಯಕ್ಷರಿಗೇ ನೇರವಾಗಿ ಬರೆದರು. ಮರುವರ್ಷ ಮತ್ತೆ ಅರ್ಜಿ ಹಾಕಿದರು. 1892ರಲ್ಲಿ 750 ಡಾಲರ್ ಮಂಜೂರಾಯಿತು. ಅದರಲ್ಲಿ ಅರ್ಧ ದಾನ, ಅರ್ಧ ಸಾಲ.

ಆ ಬೇಸಿಗೆಯಲ್ಲಿ ಹಡಗು ಹತ್ತಿದ ಅವರು ನೇರವಾಗಿ ಬರ್ಲಿನ್‌ಗೆ ಹೋಗಲಿಲ್ಲ. ತರಗತಿ ಆರಂಭವಾಗುವುದಕ್ಕೆ ಮೊದಲು ಐಸೆನಾಖ್ ಎಂಬ ಊರಿನಲ್ಲಿ ಒಂದು ಕುಟುಂಬದ ಮನೆಯಲ್ಲಿ ತಂಗಿ ಜರ್ಮನ್ ಭಾಷೆಯನ್ನು ಹದಗೊಳಿಸಿಕೊಂಡರು. ಮನೆಯವರೊಂದಿಗೆ ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡಿದರು. ಮೈಬಣ್ಣದಿಂದ ಮನುಷ್ಯನನ್ನು ಅಳೆಯದ ಬಿಳಿಯರೂ ಇದ್ದಾರೆಂಬುದನ್ನು ಅವರು ಅಲ್ಲಿ ಕಂಡರು.

ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಗುಸ್ಟಾಫ್ ಶ್ಮೋಲರ್, ಅಡಾಲ್ಫ್ ವಾಗ್ನರ್ ಅವರಂಥ ಅರ್ಥಶಾಸ್ತ್ರಜ್ಞರು ಅವರ ಗುರುಗಳಾದರು. ಮೊದಲು ವಾಸ್ತವಾಂಶಗಳನ್ನು ಕಲೆಹಾಕಬೇಕು, ತೀರ್ಮಾನ ಆಮೇಲೆ ಎಂಬುದು ಶ್ಮೋಲರ್ ಅವರ ಪಾಠ. ಎಲ್ಲ ತರಗತಿಗಳೂ ಹಿತವಾಗಿರಲಿಲ್ಲ. ಟ್ರೈಟ್ಷ್ಕೆ ಎಂಬ ಖ್ಯಾತ ಇತಿಹಾಸಕಾರರು ಒಮ್ಮೆ ತುಂಬಿದ ತರಗತಿಯಲ್ಲಿ ಮಿಶ್ರವರ್ಣದವರು ಕೀಳೆಂದು ಘೋಷಿಸಿದಾಗ ಡು ಬಾಯ್ಸ್ ಅಲ್ಲೇ ಕುಳಿತಿದ್ದರು. ಆದರೂ ಅವರು ಕಲಿಕೆ ಬಿಡಲಿಲ್ಲ. ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಕೃಷಿಯನ್ನು. ವಿಧಾನ ಜರ್ಮನಿಯದು, ಪ್ರಶ್ನೆ ತನ್ನ ಜನರದು.

ಈಗ ಎಚ್ಚರದಿಂದ ಓದಿ. ಡಾಕ್ಟರೇಟ್ ಪರೀಕ್ಷೆಗೆ ಕೂರಲು ವಿಶ್ವವಿದ್ಯಾಲಯದಲ್ಲಿ ಇಂತಿಷ್ಟು ಸೆಮಿಸ್ಟರ್ ಓದಿರಬೇಕೆಂಬ ನಿಯಮವಿತ್ತು. ಡು ಬಾಯ್ಸ್ ಮುಗಿಸಿದ್ದು ಮೂರೇ. ಗುರುಗಳು ಅವರ ಪರವಾಗಿ ನಿಂತರೂ ವಿಶ್ವವಿದ್ಯಾಲಯ ನಿಯಮ ಸಡಿಲಿಸಲಿಲ್ಲ. ಸ್ಲೇಟರ್ ನಿಧಿ ಎರಡನೆಯ ವರ್ಷಕ್ಕೆ ನೆರವು ಮುಂದುವರಿಸಿತ್ತು. ಮೂರನೆಯ ವರ್ಷಕ್ಕೆ ಒಪ್ಪಲಿಲ್ಲ. 1894ರಲ್ಲಿ ಅವರು ಬರ್ಲಿನ್ ಪದವಿಯಿಲ್ಲದೆ, ವಲಸೆ ಹೊರಟ ಬಡವರ ನಡುವೆ ಹಡಗಿನ ಅತಿ ಅಗ್ಗದ ದರ್ಜೆಯಲ್ಲಿ ಊರಿಗೆ ಮರಳಿದರು.

ಅಷ್ಟು ಆಸೆಯಿಂದ ಹೋದವರಿಗೆ ಇದು ಸಣ್ಣ ಪೆಟ್ಟಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಕರಿಯ ಅಮೆರಿಕನ್ ಅವರೇ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನ ಕರಿಯರ ಸ್ಥಿತಿಗತಿಯ ಅಧ್ಯಯನವನ್ನು ಅವರಿಗೆ ಒಪ್ಪಿಸಿತು. ಹೊಸದಾಗಿ ಮದುವೆಯಾಗಿದ್ದ ಅವರು ಪತ್ನಿಯೊಂದಿಗೆ ಅದೇ ಬಡ ಬಡಾವಣೆಯಲ್ಲಿ ಕೋಣೆ ಹಿಡಿದರು. ಪ್ರಶ್ನಾವಳಿ ಹಿಡಿದು ಸುಮಾರು ಎರಡೂವರೆ ಸಾವಿರ ಕುಟುಂಬಗಳ ಮನೆಬಾಗಿಲಿಗೆ ಹೋದರು. ಸಂಪಾದನೆ, ಬಾಡಿಗೆ, ಉದ್ಯೋಗ, ಓದು, ಆರೋಗ್ಯ ಎಲ್ಲವನ್ನೂ ಬರೆದುಕೊಂಡರು. ಬಡತನಕ್ಕೂ ಅಪರಾಧಕ್ಕೂ ಜನಾಂಗದ ಹುಟ್ಟುಗುಣ ಕಾರಣವಲ್ಲ, ಗುಲಾಮಗಿರಿಯ ಪರಂಪರೆ, ಪಕ್ಷಪಾತ ಮತ್ತು ಮುಚ್ಚಿದ ಉದ್ಯೋಗಗಳು ಕಾರಣ ಎಂದು ಅಂಕಿಅಂಶಗಳಿಂದ ತೋರಿಸಿದರು. 1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಎಂಬ ಆ ಗ್ರಂಥ ಸಮಾಜಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಮಾದರಿಯಾಯಿತು. ಬರ್ಲಿನ್‌ನಲ್ಲಿ ಕಲಿತದ್ದು ಅಲ್ಲಿ ಫಲ ಕೊಟ್ಟಿತು.

ನಂತರ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಂದು ವಿಷಯದಂತೆ ಕರಿಯರ ಬದುಕಿನ ಅಧ್ಯಯನ ನಡೆಸಿದರು. 1910ರಿಂದ ಪತ್ರಿಕೆಯೊಂದರ ಸಂಪಾದಕರಾಗಿ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದರು. 1958ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅದೇ ಬರ್ಲಿನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1963ರ ಆಗಸ್ಟ್ 27ರಂದು ಘಾನಾದ ಅಕ್ರಾದಲ್ಲಿ ನಿಧನರಾದರು.

ವಿದೇಶಕ್ಕೆ ಹೊರಡುವ ಕನಸಿರುವ ಮಿತ್ರರೇ, ವಿದ್ಯಾರ್ಥಿವೇತನಕ್ಕೆ ಒಂದು ಸಲ ಇಲ್ಲವೆಂದರೆ ಎರಡನೆಯ ಸಲ ಬರೆಯಿರಿ. ತರಗತಿ ಆರಂಭವಾಗುವ ಮೊದಲೇ ಆ ನಾಡಿನ ಭಾಷೆ ಕಲಿಯಿರಿ. ಎಷ್ಟು ಸೆಮಿಸ್ಟರ್ ಬೇಕು, ನಿಮ್ಮ ವಿಶ್ವವಿದ್ಯಾಲಯ ಯಾವುದನ್ನು ಮಾನ್ಯ ಮಾಡುತ್ತದೆ ಎಂಬುದನ್ನು ಹೊರಡುವ ಮುನ್ನವೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಡು ಬಾಯ್ಸ್ ಅವರಂಥ ಪ್ರತಿಭಾವಂತರನ್ನೂ ನಿಯಮ ಬಿಡಲಿಲ್ಲ. ಎಲ್ಲಕ್ಕಿಂತ ಮೊದಲು ನಿಮ್ಮ ಕೇರಿಯ, ನಿಮ್ಮ ಜನರ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಮರಳಿ ಬಂದ ಮೇಲೆ ಅದಕ್ಕೆ ಉತ್ತರ ಹುಡುಕಲು ನಮ್ಮಲ್ಲೂ ತಟ್ಟಬೇಕಾದ ಬಾಗಿಲುಗಳು ಸಾವಿರಾರಿವೆ.