ಸ್ಪಿಟ್‌ಫೈರಿನ ಶಿಲ್ಪಿ ಮಿಚೆಲ್

ರೆಜಿನಾಲ್ಡ್ ಮಿಚೆಲ್ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ. ರೈಲು ಇಂಜಿನ್ನಿನ ಕಾರ್ಖಾನೆಯಲ್ಲಿ ಕೆಲಸ ಕಲಿತು, 1917ರಲ್ಲಿ ಸೂಪರ್‌ಮರೀನ್ ಕಂಪನಿಯನ್ನು ಸೇರಿದನು. 1931ರಲ್ಲಿ ಇವನ ಕಡಲವಿಮಾನ ಷ್ನೈಡರ್ ಪಾರಿತೋಷಕವನ್ನು ಇಂಗ್ಲೆಂಡಿಗೇ ಉಳಿಸಿಕೊಟ್ಟಿತು. 1933ರಲ್ಲಿ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ವಿಶ್ರಾಂತಿ ಪಡೆಯಬೇಕಾದವನು ಸ್ಪಿಟ್‌ಫೈರಿನ ನಕ್ಷೆಗೆ ಕುಳಿತನು.

1936ರ ಮಾರ್ಚ್ 5ರಂದು ಅದು ಮೊದಲ ಸಲ ಹಾರಿತು. ಎಲ್ಲರೂ ಅದರ ರೆಕ್ಕೆಯನ್ನು ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಮೂತಿಯ ಪ್ರೊಪೆಲ್ಲರಿನ ಕಡೆಗೆ. ಎರಡೇ ಅಲಗು, ಅದೂ ಮರದ್ದು. ಅಲಗಿನ ಓರೆಯನ್ನು ಬದಲಿಸುವಂತಿರಲಿಲ್ಲ. ವೇಗದ ಹಾರಾಟಕ್ಕೆ ಒಗ್ಗುವ ಓರೆ ನೆಲ ಬಿಟ್ಟೇಳುವಾಗ ಒಗ್ಗದು. ಟಾಪ್ ಗೇರಿನಲ್ಲೇ ಘಟ್ಟ ಹತ್ತಹೊರಟ ಬಸ್ಸಿನ ಪಾಡು! ಸೈನ್ಯಕ್ಕೆ ಬಂದ ಮೊದಲ ಸ್ಪಿಟ್‌ಫೈರುಗಳಲ್ಲೂ ಅದೇ ಇತ್ತು. ಅಷ್ಟರಲ್ಲಿ ಮಿಚೆಲ್ ಇರಲಿಲ್ಲ. 1937ರ ಜೂನ್ 11ರಂದು, 42ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು.

ಆಮೇಲೆ ಮೂರು ಅಲಗಿನ, ಎರಡು ಓರೆಗಳ ಪ್ರೊಪೆಲ್ಲರ್ ಬಂತು. 1940ರ ಬೇಸಗೆಯಲ್ಲಿ, ಜರ್ಮನರು ಕಡಲಾಚೆಯ ದಡಕ್ಕೆ ಬಂದು ನಿಂತಿದ್ದಾಗ, ಡಿ ಹ್ಯಾವಿಲೆಂಡ್ ಕಂಪನಿಯ ಕೆಲಸಗಾರರು ವಾಯುನೆಲೆಗಳಿಗೇ ಹೋಗಿ, ಇಂಜಿನ್ನಿನ ಸುತ್ತು ಒಂದೇ ಸಮನಿರುವಂತೆ ಓರೆಯನ್ನು ತಾನಾಗಿ ತಿದ್ದುವ ಸಲಕರಣೆಯನ್ನು ಕೂಡಿಸಿದರು. ನೆಲದ ಮೇಲಿನ ಓಟ ಕಿರಿದಾಯಿತು, ಏರುವ ವೇಗ ಹೆಚ್ಚಿತು. ಆಗಸ್ಟ್ ನಡುವಿನ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಈ ಕೆಲಸ ಮುಗಿದಿತ್ತು.