ಕಮಲಾದೇವಿ ಕಂಡ ಚೀನ

ಮಾರ್ಪಡುತ್ತಿರುವ ದೇಶವೊಂದನ್ನು ಕುರಿತು ದೂರದ ವಾಚಕರಿಗೆ ಬರೆಯುವುದು ಸುಲಭದ ಕೆಲಸವಲ್ಲ. ನಾನು ವಾಸವಾಗಿರುವ ಟಿನ್ ಫ್ಯಾಕ್ಟರಿಯ ಬಳಿ ಹೊಸಬನೊಬ್ಬ ಅರ್ಧ ಗಂಟೆ ನಿಂತರೆ ಸಾಕು. ಕೋಲಾರದ ಬಸ್ಸಿಗೆ ಕಾದ ಜನ, ಹೊರವರ್ತುಲ ರಸ್ತೆಯ ವಾಹನಗಳ ಸಂದಣಿ, ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೆ 2023ರಲ್ಲಿ ಆರಂಭವಾದ ಮೆಟ್ರೊ ರೈಲು, ಇಷ್ಟನ್ನೇ ಕಂಡು ಬೆಂಗಳೂರಿನ ಮೇಲೆ ಲೇಖನವೊಂದನ್ನು ಬರೆದಾನು. ಅದರಲ್ಲಿ ಸುಳ್ಳು ಒಂದೂ ಇರಲಾರದು. ಆದರೂ ಈ ಊರಿನ ಬಾಳು ಅದರಲ್ಲಿ ಸಿಕ್ಕದು. ಚೀನವನ್ನು ಕುರಿತ ವರದಿಗಳನ್ನು ಓದುವಾಗ ನನ್ನನ್ನು ಕಾಡುವ ಸಂದೇಹ ಇದೇ. ಆಗೆಲ್ಲ ಕಮಲಾದೇವಿ ಚಟ್ಟೋಪಾಧ್ಯಾಯರು ನೆನಪಾಗುತ್ತಾರೆ.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆಕೆಗೆ ಎಳವೆಯಲ್ಲಿಯೇ ವೈಧವ್ಯ ಒದಗಿತು. ಮುಂದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು; 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು; ಕನ್ನಡನಾಡಿನ ‘ಮೃಚ್ಛಕಟಿಕ’ ಮೂಕಚಿತ್ರದಲ್ಲಿ ಅಭಿನಯಿಸಿದರು. ಮನೆತನದವರ ನಿಂದೆಗೂ ಸರ್ಕಾರದ ಸೆರೆಗೂ ಅಂಜದ ಜೀವ ಅದು.

1939ರಲ್ಲಿ ಯೂರೋಪಿಗೆ ಹೊರಟ ಆಕೆ ಮಹಾಯುದ್ಧ ಆರಂಭವಾದ ಮೇಲೆ ಅಮೆರಿಕದಲ್ಲಿ ಸಂಚರಿಸಿ, ಜಪಾನು ಹಾಗೂ ಚೀನಗಳ ಮಾರ್ಗವಾಗಿ ಸ್ವದೇಶಕ್ಕೆ ಮರಳಿದರು. 1937ರಿಂದ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನದ ಸರ್ಕಾರ ಆಗ ಒಳನಾಡಿನ ಚುಂಗ್‌ಕಿಂಗ್‌ಗೆ ಸರಿದಿತ್ತು. ಆ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದವು. ನಮ್ಮ ಪತ್ರಿಕೆಗಳಿಗೆ ಪರದೇಶದ ಸುದ್ದಿ ಬಹುಮಟ್ಟಿಗೆ ಬ್ರಿಟಿಷರ ರಾಯಿಟರ್ ಸಂಸ್ಥೆಯ ಮೂಲಕವೇ ಬರುತ್ತಿದ್ದ ಕಾಲದಲ್ಲಿ, ಪರಾಧೀನ ದೇಶದ ಹೆಣ್ಣುಮಗಳೊಬ್ಬಳು ಸ್ವತಃ ಹೋಗಿ ನೋಡಿ, ಯುದ್ಧದಿಂದ ಜರ್ಜರಿತವಾದ ಚೀನವನ್ನು ಕುರಿತು ತನ್ನ ಜನರಿಗಾಗಿ ಪುಸ್ತಕ ಬರೆದದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಚೀನವೂ ಇತ್ತು. ಅದನ್ನು ಜಗತ್ತಿಗೆ ತೋರಿಸಿದವರಲ್ಲಿ ಒಬ್ಬರು ಕಮಲಾದೇವಿಯವರ ಮನೆತನಕ್ಕೇ ನಂಟಾಗಿದ್ದವರೆಂಬುದು ವಿಚಿತ್ರ. ಹರೀಂದ್ರನಾಥರ ಅಣ್ಣ ವೀರೇಂದ್ರನಾಥರೊಡನೆ ಬರ್ಲಿನ್ನಿನಲ್ಲಿ ವರ್ಷಗಟ್ಟಲೆ ಬಾಳಿದ ಅಮೆರಿಕದ ಆಗ್ನೆಸ್ ಸ್ಮೆಡ್ಲಿ, ‘ಫ್ರಾಂಕ್‌ಫುರ್ಟರ್ ಝೈಟುಂಗ್’ ಎಂಬ ಜರ್ಮನ್ ಪತ್ರಿಕೆಯ ಬಾತ್ಮೀದಾರರಾಗಿ 1929ರಲ್ಲಿ ಷಾಂಘೈ ಸೇರಿದರು. 1937ರಲ್ಲಿ ಯೆನಾನ್ ತಲುಪಿ ಕೆಂಪು ಸೈನಿಕರ ನಡುವೆ ಅಲೆದರು. ಆ ಪಕ್ಷದಲ್ಲಿ ಅವರಿಗಿದ್ದ ಒಲವು ಬರಿಯ ಬಾತ್ಮೀದಾರರದಾಗಿರಲಿಲ್ಲ. ಕಮ್ಯುನಿಸ್ಟ್ ಅಂತರರಾಷ್ಟ್ರೀಯ ಸಂಘಕ್ಕೆ ಗುಟ್ಟಾಗಿ ಕೆಲಸ ಮಾಡಿದ್ದರೆಂದು 2005ರಲ್ಲಿ ಪ್ರಕಟವಾದ ರೂತ್ ಪ್ರೈಸ್ ಅವರ ಜೀವನಚರಿತ್ರೆ ದಾಖಲೆಗಳೊಡನೆ ತಿಳಿಸಿತು.

1949ರಲ್ಲಿ ಚುಂಗ್‌ಕಿಂಗಿನ ಆ ಸರ್ಕಾರ ತೈವಾನಿಗೆ ಓಡಿತು. ಯೆನಾನಿನವರು ಪೀಕಿಂಗಿನಲ್ಲಿ ಗದ್ದುಗೆಯೇರಿದರು. ಹಾಗಾದರೆ ಸ್ಮೆಡ್ಲಿ ಕಂಡದ್ದೇ ನಿಜ, ಕಮಲಾದೇವಿ ಕಂಡದ್ದು ಭ್ರಾಂತಿಯೆ? ನಾನು ಹಾಗೆನ್ನಲಾರೆ. ಬಾಂಬಿಗೆ ಸಿಕ್ಕಿ ಮನೆ ಕಳೆದುಕೊಂಡವರ ದುಃಖಕ್ಕೆ ಪಕ್ಷಭೇದವೆಲ್ಲಿಯದು? ಆದರೆ ಅತಿಥಿಯ ಕಣ್ಣಿಗೂ ಸಂಗಾತಿಯ ಕಣ್ಣಿಗೂ ಒಂದೊಂದು ಮಿತಿಯುಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆಯನ್ನು ಬರೆಯುವವರು ಮರೆತರೂ ಓದುವವರು ಮರೆಯಬಾರದು. ಬರೆದವರು ಎಲ್ಲಿ ನಿಂತು ನೋಡಿದರು, ಅವರನ್ನು ಕೈಹಿಡಿದು ನಡೆಸಿದವರು ಯಾರು, ಬರೆದದ್ದು ಯಾರಿಗಾಗಿ ಎಂದು ಕೇಳಿಕೊಳ್ಳುವುದು ವಿದ್ಯಾರ್ಥಿಗಳಿಗೆ ಇಂದಿಗೂ ಅವಶ್ಯ.

ಕಮಲಾದೇವಿಯವರ ವಿಷಯದಲ್ಲಿ ನನ್ನ ಗೌರವ ಹೆಚ್ಚುವುದು ಅವರ ಮುಂದಿನ ಬಾಳಿನಿಂದ. ದೇಶ ವಿಭಜನೆಯಾಗಿ ನಿರಾಶ್ರಿತರು ನಮ್ಮ ಬಾಗಿಲಿಗೇ ಬಂದಾಗ, 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ಫರೀದಾಬಾದ್ ನಗರದ ನಿರ್ಮಾಣದಲ್ಲಿ ಅವರೊಡನೆ ದುಡಿದರು. ನೇಕಾರರಿಗೂ ಕುಶಲಕರ್ಮಿಗಳಿಗೂ ಆಸರೆಯಾಗಿ ನಿಂತರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 1988ರ ಅಕ್ಟೋಬರಿನಲ್ಲಿ ಕಣ್ಮುಚ್ಚಿದರು. ಪರದೇಶದಲ್ಲಿ ಮನೆಯಿಲ್ಲದವರನ್ನು ಕಂಡು ಬರೆದ ಕೈ, ಸ್ವದೇಶದಲ್ಲಿ ಅಂಥವರಿಗೆ ಮನೆ ಕಟ್ಟಿಕೊಡಲು ಮುಂದಾಯಿತು.